ಬೆಟ್ಟದ ಬುಡದ ಲಾಯಗಳಲ್ಲಿ ಒಂದು ದಿನ

ಮೈಸೂರಿಗೆ ಹೋದವರು ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ ನೋಡಿ ವಾಪಸ್ ಬರುತ್ತಾರೆ. ಬೆಟ್ಟದ ಬುಡದಲ್ಲೇ ರೇಸ್‌ಕೋರ್ಸ್ ಇದೆ. ಈ ಸಲ ನಾನು ಹೋಗಿದ್ದು ಅದಕ್ಕೆಂದೇ. ರೇಸ್ ನೋಡುವ ಆಸೆಯಿಂದಲ್ಲ, ಕುದುರೆಗಳನ್ನು ಹೇಗೆ ನೋಡಿಕೊಳ್ಳುತ್ತಾರೆ ಅಂತ ತಿಳಿಯಬೇಕಿತ್ತು. ಪರಿಚಯದ ಟ್ರೇನರ್ ಒಬ್ಬರು ಒಳಗೆ ಕರೆದುಕೊಂಡು ಹೋದರು.

ಇನ್ನೂ ಕತ್ತಲಿತ್ತು. ಕುದುರೆಯನ್ನು ನೋಡಿಕೊಳ್ಳುವ ಆಳು, ಅಂದರೆ ಸೈಸ್, ಲಾಯದೊಳಗೆ ಬಂದವನೇ ಮೇವಿನ ತೊಟ್ಟಿಗೆ ಇಣುಕಿದ. ರಾತ್ರಿ ಹಾಕಿದ್ದು ಪೂರ್ತಿ ಖಾಲಿ. ಆಮೇಲೆ ಲದ್ದಿ ನೋಡಿದ, ಥರ್ಮಾಮೀಟರ್ ಇಟ್ಟ. 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಸರಿ. ಜ್ವರ ಇದ್ದರೆ ಅವತ್ತು ಓಟ ಇಲ್ಲ. ಕೊನೆಗೆ ಬಗ್ಗಿ ಮುಂಗಾಲಿನ ಮಂಡಿಯಿಂದ ಕೆಳಕ್ಕೆ ನಿಧಾನವಾಗಿ ಅಂಗೈ ಸವರಿದ. ಒಂದು ಕಡೆ ಕೈ ನಿಲ್ಲಿಸಿದ. ಮತ್ತೆ ಸವರಿದ. ಇನ್ನೊಂದು ಕಾಲನ್ನೂ ಮುಟ್ಟಿ ಹೋಲಿಸಿದ. 'ಸ್ವಲ್ಪ ಬಿಸಿ ಇದೆ ಸಾರ್' ಅಂದ.

ನಾನೂ ಮುಟ್ಟಿದೆ. ಎರಡೂ ಒಂದೇ ಥರ ಅನ್ನಿಸಿತು. ಆದರೆ ಬಿಸಿ ಅಂದರೆ ಒಳಗೆ ಪೆಟ್ಟಾಗಿರಬಹುದು ಅಂತ ಟ್ರೇನರ್ ಮರುಮಾತಾಡದೆ ಅವತ್ತಿನ ಗ್ಯಾಲಪ್ (ಜೋರು ಓಟ) ರದ್ದು ಮಾಡಿ, ಡಾಕ್ಟರಿಗೆ ಫೋನ್ ಮಾಡಿದರು. ಕುದುರೆಯ ಮಂಡಿಯ ಕೆಳಗೆ ಮಾಂಸಖಂಡವೇ ಇಲ್ಲ. ಎಲುಬು, ಸ್ನಾಯುರಜ್ಜು, ಮೇಲೆ ಚರ್ಮ, ಅಷ್ಟೇ. ಸುಮಾರು 450 ಕಿಲೋ ತೂಕದ ಪ್ರಾಣಿ ಓಡುವಾಗ ಒಂದು ಕ್ಷಣ ಪೂರ್ತಿ ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ. ಹಿಂಬದಿಯ ರಜ್ಜು ಒಮ್ಮೆ ಹರಿದರೆ ವಾಸಿಯಾಗಲು ತಿಂಗಳುಗಟ್ಟಲೆ ಬೇಕು. ಎಷ್ಟೋ ಕುದುರೆಗಳು ಆಮೇಲೆ ರೇಸಿಗೆ ಬರುವುದೇ ಇಲ್ಲ.

ಬೆಳಕಾಗುವ ಹೊತ್ತಿಗೆ ಟ್ರ್ಯಾಕ್ ತುಂಬಿತ್ತು. ಸುಮ್ನೆ ನಿಂತಾಗ ನಿಮಿಷಕ್ಕೆ 30–40 ಸಲ ಬಡಿಯುವ ಕುದುರೆಯ ಎದೆ, ಪೂರ್ತಿ ಓಟದಲ್ಲಿ 200 ದಾಟುತ್ತದೆ. ಅದಕ್ಕೆ ಬಾಯಿಂದ ಉಸಿರಾಡಲು ಬರುವುದಿಲ್ಲ, ಮೂಗೊಂದೇ ಗತಿ. ಜೋರು ಓಟದ ನಂತರ ಹಲವಕ್ಕೆ ಶ್ವಾಸಕೋಶದಲ್ಲಿ ರಕ್ತ ಒಸರುತ್ತದೆ. ಹೊರಗೆ ಕಾಣದಿದ್ದರೂ ಎಂಡೋಸ್ಕೋಪ್ ಹಾಕಿದರೆ ಗೊತ್ತಾಗುತ್ತದೆ. ಲಾಯದ ದೂಳು ಉಸಿರಿಗೆ ಕೆಟ್ಟದ್ದು ಅಂತ ಇಲ್ಲಿ ಒಣಹುಲ್ಲನ್ನು ನೀರಲ್ಲಿ ನೆನೆಸಿಯೇ ಹಾಕುತ್ತಾರೆ.

ಓಡಿ ಬಂದವನ್ನು ನಿಧಾನವಾಗಿ ಸುತ್ತಾಡಿಸಿ, ಮೈ ತೊಳೆದರು. ಅತ್ತ ಲಾಳ ಹೊಡೆಯುವವನು ಗೊರಸು ಕೆರೆಯುತ್ತಿದ್ದ. ನಾಲ್ಕೈದು ವಾರಕ್ಕೊಮ್ಮೆ ಈ ಕೆಲಸ ಇದ್ದೇ ಇರುತ್ತದೆ.

ಲಾಯದವರು ತುಂಬಾ ಹೆದರುವುದು ಹೊಟ್ಟೆನೋವಿಗೆ. ಎಲ್ಲರೂ ಕಾಲಿಕ್ ಅಂತಲೇ ಹೇಳುತ್ತಾರೆ. ಕುದುರೆ ವಾಂತಿ ಮಾಡಲಾರದು. ಅಷ್ಟು ದೊಡ್ಡ ದೇಹಕ್ಕೆ ಜಠರ ಬಹಳ ಚಿಕ್ಕದು. ಹಾಗಾಗಿ ಓಟ್ಸ್, ಕುದುರೆ ಮಸಾಲೆ (ಲೂಸರ್ನ್) ಸೊಪ್ಪು, ಹುಲ್ಲು ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ, ದಿನಕ್ಕೆ ಹಲವು ಸಲ ಕೊಡುತ್ತಾರೆ. ಮೇವು ಬದಲಿಸಬೇಕಾದರೂ ದಿನಗಟ್ಟಲೆ ಕಾಲ ತಗೊಂಡು ಬದಲಿಸುತ್ತಾರೆ. ಕುದುರೆ ತಿನ್ನದೆ ನೆಲ ಕೆರೆದರೆ, ತಿರುಗಿ ತಿರುಗಿ ತನ್ನ ಪಕ್ಕೆ ನೋಡಿಕೊಂಡರೆ ಡಾಕ್ಟರ್ ತಕ್ಷಣ ಬರಬೇಕು. ಕರುಳು ತಿರುಚಿಕೊಂಡಿದ್ದರೆ ಆಪರೇಷನ್ನೇ ದಾರಿ, ಗಂಟೆಗಳಲ್ಲಿ ಜೀವ ಹೋಗಬಹುದು. ನಡುರಾತ್ರಿ ಇದನ್ನು ನೋಡಬೇಕಾದವನು ಸೈಸ್. ಅದಕ್ಕೇ ಅವನು ಲಾಯದ ಪಕ್ಕದಲ್ಲೇ ಮಲಗುತ್ತಾನೆ.

ಸಂಜೆ ಡಾಕ್ಟರ್ ಬಂದು ಆ ಕಾಲಿಗೆ ಸ್ಕ್ಯಾನ್ ಮಾಡಿದರು. ರಜ್ಜು ಹರಿದಿರಲಿಲ್ಲ, ಸಣ್ಣ ಊತ. ಹದಿನೈದು ದಿನ ಬರೀ ನಡಿಗೆ, ಐಸ್, ಬ್ಯಾಂಡೇಜ್ ಅಂದರು. ಬೆಳಿಗ್ಗೆ ಓಡಿಸಿದ್ದರೆ ಕತೆ ಬೇರೆ ಆಗುತ್ತಿತ್ತಂತೆ.

ಅವತ್ತು ಓಡುವ ಕುದುರೆಗಳ ವಿವರ ಅಚ್ಚಾಗುವ ರೇಸ್ ಕಾರ್ಡಿನಲ್ಲಿ ಮಾಲೀಕರು, ಟ್ರೇನರ್, ಜಾಕಿ ಎಲ್ಲರ ಹೆಸರೂ ಇರುತ್ತದೆ. ಕುದುರೆಯ ಅಪ್ಪ ಅಮ್ಮನ ಹೆಸರೂ ಇರುತ್ತದೆ. ಪಕ್ಕದಲ್ಲಿ ಸೈಸ್ ಹೆಸರನ್ನೂ ಅಚ್ಚು ಹಾಕಬೇಕು ಅಲ್ವಾ? ಒಂದು ಸಾಲು ಸಾಕು.