ದೇವನಹಳ್ಳಿ ಉಳೀತು, ಪಕ್ಕದ ಹೊಲದ ಕತೆ ಏನು?

ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಭೂಸ್ವಾಧೀನನ 2025ರ ಜುಲೈ 15ಕ್ಕೆ ಸಿಎಂ ಸಿದ್ದರಾಮಯ್ಯ ಕೈಬಿಟ್ರಲ್ಲ, ಎಲ್ರೂ ಖುಷಿಪಟ್ವಿ, ಸರಿನೇ, ಅಲ್ಲಿನ ರೈತರು ಮೂರು ವರ್ಷಕ್ಕೂ ಜಾಸ್ತಿ ಧರಣಿ ಕೂತಿದ್ರು ಪಾಪ. ಆದ್ರೆ ಸರ್ಕಾರ ಕಿತ್ಕೊಳ್ಳೋದು ನಿಂತ್ರೆ ಹೊಲ ಉಳೀತು ಅಂತಲ್ಲ.

ಆ ಕಡೆ ರಸ್ತೇಲಿ ಹೋಗಿ ನೋಡಿ. ಒಂದ್ಕಡೆ ದ್ರಾಕ್ಷಿ ಚಪ್ಪರ, ರಾಗಿ ಹೊಲ, ಪಕ್ಕದಲ್ಲೇ ಕೆಮ್ಮಣ್ಣು ಲೆವೆಲ್ ಮಾಡಿ ಬಿಳಿ ಕಲ್ಲು ನೆಟ್ಟ ಲೇಔಟು, ಮುಂದೊಂದು ಆರ್ಚು, ಅದರ ಮೇಲೆ ಯಾವ್ದೋ ದೇವ್ರ ಹೆಸ್ರು (ದೇವ್ರನ್ನೂ ಬಿಡಲ್ಲ ನಮ್ಮೋರು).

ಕಾನೂನು ಇಲ್ವಾ ಅಂದ್ರೆ ಇದೆ. ಭೂಕಂದಾಯ ಕಾಯ್ದೆ 95ನೇ ಸೆಕ್ಷನ್‌ನಲ್ಲಿ ಕನ್ವರ್ಷನ್ (ಕೃಷಿ ಜಮೀನನ್ನ ಬೇರೆ ಬಳಕೆಗೆ ಬದಲಾಯಿಸೋ ಅನುಮತಿ) ಆಗ್ಬೇಕು, ಮಾಸ್ಟರ್ ಪ್ಲಾನಲ್ಲಿ ಕೃಷಿಗೆ ಅಂತ ಹಸಿರು ಬಳಿದ ಜಾಗನೂ ಇದೆ, ಆದ್ರೆ ಆ ಹಸಿರನ್ನ ಹಳದಿ, ಅಂದ್ರೆ ಮನೆ ಕಟ್ಟೋ ಜಾಗ, ಮಾಡೋಕೆ ಭೂ ಉಪಯೋಗ ಬದಲಾವಣೆ ಅನ್ನೋ ದಾರಿನೂ ಇದೆ. ಅದರ ಮೇಲೆ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ್ರು. ಮೊದ್ಲು ಬೇರೆ ಆದಾಯ ವರ್ಷಕ್ಕೆ 25 ಲಕ್ಷ ದಾಟಿದವ್ರು ಕೃಷಿ ಜಮೀನು ತಗೊಳ್ಳಂಗಿರ್ಲಿಲ್ಲ, ಈಗ ದುಡ್ಡಿದ್ರೆ ಸಾಕು.

ರೈತ ಮಾರ್ಲೇಬಾರ್ದು ಅಂತ ನಾನು ಹೇಳ್ತಿಲ್ಲ, ಮಗಳ ಮದ್ವೆ, ಸಾಲ, ಬೋರ್‌ವೆಲ್ ಫೇಲು, ಅವನ ಕಷ್ಟ ಅವನಿಗೇ ಗೊತ್ತು. ಮಾರೋದು ಬೇರೆ, ಬಳಕೆ ಬದಲಾಗೋದು ಬೇರೆ ಕಣ್ರೀ. ಒಳ್ಳೆ ಮಣ್ಣು ನೀರು ಇರೋ ಜಾಗನ ಮ್ಯಾಪಲ್ಲಿ ಗುರುತು ಮಾಡಿ ಯಾರೇ ಕೊಂಡ್ರೂ ಬೆಳೆನೇ ಇಡ್ಬೇಕು ಅಂತ ಹಾಕ್ಲಿ, ಇದ್ರಿಂದ ರೇಟ್ ಬಿದ್ರೆ ರೈತನಿಗೆ ಅದಕ್ಕೂ ಪರಿಹಾರ ಕೊಡ್ಲಿ. ಸೈಟ್ ಬೇಕಾ, ಹಳೇ ಲೇಔಟುಗಳಲ್ಲಿ ಪಾರ್ಥೇನಿಯಂ ಬೆಳ್ಕೊಂಡು ಖಾಲಿ ಬಿದ್ದಿರೋವನ್ನ ಮೊದ್ಲು ತುಂಬ್ಸಿ.