ಕ್ಯಾಪ್ಟನ್‌ಗೆ ಎರಡನೆಯ ಸರದಿ

ಪ್ರೇಮಕಾದಂಬರಿ ಬರೆಯುವವರಿಗೆ ಪ್ರೇಮ ಹುಟ್ಟಿಸುವುದು ಕಷ್ಟವಲ್ಲ, ಅದಕ್ಕೆ ಅಡ್ಡಿ ಹುಡುಕುವುದು ಕಷ್ಟ. ಇಬ್ಬರು ಕಂಡರು, ಮೆಚ್ಚಿದರು, ಮದುವೆಯಾದರು ಎಂದರೆ ಲಗ್ನಪತ್ರಿಕೆಗೆ ಸಾಕು, ಕಾದಂಬರಿಗೆ ಸಾಲದು. ಹಿಂದಿನವರಿಗೆ ಮನೆತನಗಳ ದ್ವೇಷ, ತಲುಪದ ಪತ್ರ, ಗದರುವ ತಂದೆ ಎಲ್ಲವೂ ಕೈಗೆಟುಕುವಂತಿದ್ದವು. ಈಗ ಪತ್ರ ತಲುಪದಿದ್ದರೆ ಮೊಬೈಲ್ ಇದೆ, ಗದರುವ ತಂದೆಗೆ ಹೆದರುವವರಿಲ್ಲ. ನಾನು ಕ್ರೈಸ್ತ ಪ್ರೇಮಕಾದಂಬರಿಗೆ, ಅದರಲ್ಲೂ ವೈದ್ಯರ ಮತ್ತು ಸೈನಿಕರ ಕಥೆಗಳಿಗೆ ಒಲಿಯಲು ಭಕ್ತಿ ಎಷ್ಟು ಕಾರಣವೋ ಈ ಸ್ವಾರ್ಥವೂ ಅಷ್ಟೇ ಕಾರಣ. ಇಲ್ಲಿ ಅಡ್ಡಿಗಳಿಗೆ ಬರವಿಲ್ಲ.

ನಾಯಕ ನಾಯಕಿಯರ ಮಧ್ಯೆ ಮೂರು ಬಗೆಯ ಕಟ್ಟಳೆಗಳು ನಿಂತಿರುತ್ತವೆ. ನಂಬಿಕೆಯಿಲ್ಲದವರೊಂದಿಗೆ ಇಜ್ಜೋಡಾಗಬೇಡಿ ಎಂದು ಬೈಬಲಿನಲ್ಲಿ ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಪೌಲನು ಎಚ್ಚರಿಸುತ್ತಾನೆ. ಹಾಗಾಗಿ ಒಬ್ಬರು ಪ್ರಾರ್ಥಿಸುವವರಾಗಿ ಇನ್ನೊಬ್ಬರು ದೇವರಿಗೆ ಬೆನ್ನು ತಿರುಗಿಸಿದವರಾಗಿದ್ದರೆ ನಮ್ಮ ಓದುಗರು ಆ ಮದುವೆಯನ್ನು ಒಪ್ಪುವುದಿಲ್ಲ. ಸೇನೆಯಲ್ಲಿ ಅಧಿಕಾರಿ ತನ್ನ ಕೈಕೆಳಗಿನ ಸೈನಿಕರೊಡನೆ ಪ್ರೇಮ ಬೆಳೆಸಿದರೆ ಶಿಸ್ತುಕ್ರಮ ಎದುರಿಸಬೇಕಾಗುತ್ತದೆ. ಇನ್ನು ವೈದ್ಯವೃತ್ತಿಯಲ್ಲಿ, ತಾನೇ ಚಿಕಿತ್ಸೆ ಕೊಡುತ್ತಿರುವ ರೋಗಿಯ ಮೇಲೆ ಕಣ್ಣು ಹಾಕುವುದು ಹಿಪೊಕ್ರೆಟಿಸನ ಹೆಸರಿನ ಪ್ರತಿಜ್ಞೆಯ ಕಾಲದಿಂದಲೂ ನಿಷಿದ್ಧ. ಈ ಮೂರೂ ಅಡ್ಡಿಗಳನ್ನು ಒಂದೇ ಕಥೆಯಲ್ಲಿ ಇಟ್ಟುಕೊಂಡವರಿಗೆ ಖಳನಾಯಕನ ಅಗತ್ಯವೇ ಬೀಳುವುದಿಲ್ಲ.

ಈ ಬಗೆಯ ಕಾದಂಬರಿಗೆ ದೊಡ್ಡ ಮಾರುಕಟ್ಟೆ ಇರುವುದು ಅಮೆರಿಕದಲ್ಲಿ. ಹಾರ್ಲೆಕ್ವಿನ್ ಸಂಸ್ಥೆ 1997ರಲ್ಲಿ ಇದಕ್ಕೆಂದೇ ಲವ್ ಇನ್‌ಸ್ಪೈರ್ಡ್ ಎಂಬ ಮಾಲೆಯನ್ನು ಆರಂಭಿಸಿತು. ಶಯನಗೃಹದ ಬಾಗಿಲು ಮುಚ್ಚಿರಬೇಕು, ಬೈಗುಳ ಇರಬಾರದು, ಕೊನೆ ಸುಖಾಂತವಾಗಬೇಕು, ಪ್ರೇಮದ ಎಳೆಯ ಜೊತೆಗೇ ನಂಬಿಕೆಯ ಎಳೆಯೂ ಕಗ್ಗಂಟಾಗಿ ಬಿಚ್ಚಿಕೊಳ್ಳಬೇಕು ಎಂಬುದು ಸಾಮಾನ್ಯ ಒಪ್ಪಂದ. ಇದನ್ನು ಕೇಳಿ ನಗುವವರಿದ್ದಾರೆ. ಕೊಲೆ ಪತ್ತೆಯಾಗಲೇಬೇಕೆಂಬ ಷರತ್ತಿನ ಪತ್ತೇದಾರಿ ಕಾದಂಬರಿಯನ್ನು ಅವರೇ ರಾತ್ರಿಯಿಡೀ ನಿದ್ದೆಗೆಟ್ಟು ಓದುತ್ತಾರೆ ಎಂಬುದು ಬೇರೆ ಮಾತು.

ಈಗ ಬರೆಯುತ್ತಿರುವ ಕಾದಂಬರಿಯಲ್ಲಿ ನಾಯಕ ಕಾಲಾಳು ಪಡೆಯ ಕ್ಯಾಪ್ಟನ್, ನಾಯಕಿ ಮುಂಚೂಣಿಯ ಶಸ್ತ್ರಚಿಕಿತ್ಸಾ ತಂಡದ ಮೇಜರ್. ದರ್ಜೆಯಲ್ಲಿ ಅವಳೇ ಮೇಲು, ಆದರೆ ಇಬ್ಬರ ಪಡೆಗಳೂ ಬೇರೆ. ತನ್ನ ತುಕಡಿಯ ಹುಡುಗನೊಬ್ಬ ತನ್ನ ತೋಳಿನಲ್ಲೇ ಪ್ರಾಣ ಬಿಟ್ಟ ದಿನದಿಂದ ಕ್ಯಾಪ್ಟನ್ ಪ್ರಾರ್ಥಿಸುವುದನ್ನು ನಿಲ್ಲಿಸಿದ್ದಾನೆ. ಮೇಜರ್ ಇನ್ನೂ ನಿಲ್ಲಿಸಿಲ್ಲ. ಕಥೆ ನಡುಭಾಗಕ್ಕೆ ಬಂದಾಗ ಕ್ಯಾಪ್ಟನ್‌ನ ತೊಡೆಗೆ ಗುಂಡು ಬಿತ್ತು. ಅಲ್ಲಿಂದ ಮುಂದಕ್ಕೆ ಕಥೆ ಅಲುಗಾಡಲಿಲ್ಲ. ಹಸ್ತಪ್ರತಿಯನ್ನು ಚೀಲಕ್ಕೆ ಹಾಕಿಕೊಂಡು, ಸೇನೆಯಲ್ಲಿ ಶಸ್ತ್ರವೈದ್ಯೆಯಾಗಿದ್ದು ನಿವೃತ್ತರಾದ ಹಿರಿಯರೊಬ್ಬರ ಮನೆಗೆ ಬೆಳಿಗ್ಗೆಯೇ ಹೋದೆ. ಅವರಿಗೆ ಪ್ರೇಮಕಾದಂಬರಿಗಳೆಂದರೆ ಅಷ್ಟಕ್ಕಷ್ಟೇ. ಅದೇ ಕಾರಣಕ್ಕೆ ಅವರನ್ನು ಆರಿಸಿಕೊಂಡಿದ್ದೆ.

ಅಧ್ಯಾಯವನ್ನು ಓದಿ ಮುಗಿಸಿ ಕನ್ನಡಕ ತೆಗೆದರು. ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಒಳಗೆ ಹೋಗಿ ತರಬೇತಿಗೆ ಬಳಸುವ ಟೂರ್ನಿಕೆಟ್ ತಂದರು, ರಕ್ತಸ್ರಾವ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ. ಎರಡು ಬೆರಳಗಲ, ಕಪ್ಪು ಬಣ್ಣ, ಅದರ ಮಧ್ಯೆ ಪೆನ್ನಿನುದ್ದದ ಒಂದು ಕಡ್ಡಿ. ಅದನ್ನು ನನ್ನ ಎಡತೋಳಿಗೆ ಏರಿಸಿ, ಪಟ್ಟಿಯ ತುದಿ ಎಳೆದು ಅಂಟಿಸಿದರು.

“ಗಾಯದಿಂದ ಐದರಿಂದ ಏಳು ಸೆಂಟಿಮೀಟರ್ ಮೇಲೆ ಕಟ್ಟಬೇಕು. ಕೀಲಿನ ಮೇಲೆ ಕಟ್ಟಬಾರದು. ಈಗ ನಿಮ್ಮ ಕ್ಯಾಪ್ಟನ್ ಇಲ್ಲಿ ಏನು ಹೇಳುತ್ತಾನೋ ಅದನ್ನು ಗಟ್ಟಿಯಾಗಿ ಓದಿ,” ಎಂದು ಪುಟವನ್ನು ನನ್ನ ಮುಂದೆ ಹಿಡಿದರು.

ಕ್ಯಾಪ್ಟನ್ ಅಲ್ಲಿ ಬಹಳವೇ ಹೇಳುತ್ತಿದ್ದ. ನಕ್ಷತ್ರಗಳಿದ್ದವು, ಬಾಲ್ಯದ ಭಾನುವಾರದ ಆರಾಧನೆ ಇತ್ತು, ಮೇಜರ್‌ಳ ಕಣ್ಣುಗಳಂತೂ ಇದ್ದೇ ಇದ್ದವು. ನಾನು ಓದತೊಡಗಿದೆ, ಅವರು ಕಡ್ಡಿ ತಿರುಗಿಸತೊಡಗಿದರು. ಮೊದಲ ಸುತ್ತಿಗೆ ಬರೀ ಬಿಗಿತ. ಎರಡನೆಯ ಸುತ್ತಿಗೆ ಪಟ್ಟಿಯಡಿಯ ಚರ್ಮ ಸುರುಳಿಗಟ್ಟಿ ಚುಚ್ಚಿತು. ಆಮೇಲಿನದು ಚರ್ಮದ ನೋವಲ್ಲ, ಎಲುಬಿನವರೆಗೂ ಇಳಿದು ಅಲ್ಲಿಂದ ಬೆರಳ ತುದಿಗೆ ಹರಿಯುವ, ಎಲ್ಲಿದೆಯೆಂದು ತೋರಿಸಲಾಗದ ನೋವು. ನಕ್ಷತ್ರಗಳ ವಾಕ್ಯ ಅರ್ಧಕ್ಕೇ ನಿಂತಿತು. ಅವರ ಇನ್ನೊಂದು ಕೈ ನನ್ನ ಮಣಿಕಟ್ಟಿನ ಮೇಲಿತ್ತು.

“ನಾಡಿ ನಿಂತಿತು. ಈಗ ಸರಿಯಾಗಿ ಬಿಗಿದಂತಾಯಿತು. ಓದಿ,” ಎಂದರು.

ನನ್ನ ಬಾಯಿಯಿಂದ ಹೊರಟಿದ್ದು “ಅಯ್ಯೋ, ಸಾಕು” ಎಂಬುದಷ್ಟೇ. ಅವರು ತಕ್ಷಣ ಬಿಚ್ಚಿದರು. ಬೆರಳುಗಳಿಗೆ ರಕ್ತ ಮರಳಿ ಜುಮುಗುಟ್ಟಿತು. ಕೈಯಲ್ಲಿದ್ದ ಹಸ್ತಪ್ರತಿ ನೆಲದ ಮೇಲಿತ್ತು. ತಿಳಿದವರು ಪಕ್ಕದಲ್ಲಿಲ್ಲದೆ ಯಾರೂ ಇದನ್ನು ಪ್ರಯೋಗಿಸಿ ನೋಡಬಾರದು ಎಂದು ಇಲ್ಲಿ ಹೇಳಿಬಿಡುತ್ತೇನೆ.

“ಗಾಯವಿಲ್ಲದ ತೋಳಿಗೇ ಇಷ್ಟು. ಸೀಳಿದ ತೊಡೆಗೆ ಎಷ್ಟೋ ನೀವೇ ಊಹಿಸಿ. ನೋಯುತ್ತದೆ ಎಂದು ಸಡಿಲ ಬಿಟ್ಟರೆ ಸತ್ತೇ ಹೋಗುತ್ತಾನೆ. ನಿಮ್ಮ ಮೇಜರ್‌ಗೆ ಅವನ ಮೇಲೆ ಪ್ರೀತಿ ಇದ್ದರೆ ಅವನು ಕಿರುಚಿದರೂ ಇನ್ನೊಂದು ಸುತ್ತು ತಿರುಗಿಸುತ್ತಾಳೆ.”

ನಾನು ಬರೆದುಕೊಂಡೆ. ಅವರು ಹೇಳಿಕೊಟ್ಟಂತೆ ತೋರುತ್ತಿರಲಿಲ್ಲ, ಅನುಮಾನಕ್ಕೆ ಎಡೆಯಿಲ್ಲದ ದನಿಯಲ್ಲಿ ವಿಷಯಗಳನ್ನು ಒಂದರ ಮೇಲೊಂದು ಇಡುತ್ತ ಹೋದರು. ವಯಸ್ಕರ ದೇಹದಲ್ಲಿರುವುದು ಸುಮಾರು 5 ಲೀಟರ್ ರಕ್ತ, ತೊಡೆಯ ದೊಡ್ಡ ಧಮನಿ ಕತ್ತರಿಸಿದರೆ ಕೆಲವೇ ನಿಮಿಷಗಳಲ್ಲಿ ಮನುಷ್ಯ ಮುಗಿದ. ಯುದ್ಧಭೂಮಿಯಲ್ಲಿ ಉಸಿರಾಟ ನೋಡುವುದಕ್ಕೂ ಮೊದಲು ಇಂಥ ರಕ್ತಸ್ರಾವ ನಿಲ್ಲಿಸುತ್ತಾರೆ. ಪಟ್ಟಿ ಕಟ್ಟಿದ ಹೊತ್ತನ್ನು ಬರೆದಿಡಬೇಕು. ಮಧ್ಯೆ ಮಧ್ಯೆ ಸಡಿಲಿಸುವುದು ಹಳೆಯ ಪದ್ಧತಿ, ಈಗ ಹಾಗೆ ಮಾಡುವುದಿಲ್ಲ. ಎರಡು ಗಂಟೆಯೊಳಗೆ ಶಸ್ತ್ರಚಿಕಿತ್ಸೆಯ ಮೇಜಿಗೆ ಬಂದರೆ ಕಾಲು ಉಳಿಯುವ ಸಾಧ್ಯತೆ ಚೆನ್ನಾಗಿರುತ್ತದೆ. ಇದೆಲ್ಲ ಪುಸ್ತಕದಲ್ಲೂ ಸಿಗುತ್ತದೆ. ನನಗೆ ಹೊಸದೆನಿಸಿದ್ದು ಕಂಬಳಿಯ ಮಾತು.

“ಮರುಭೂಮಿಯ ಬಿಸಿಲಿರಲಿ, ರಕ್ತ ಕಳೆದುಕೊಂಡವನಿಗೆ ಮೈ ತಣ್ಣಗಾಗುತ್ತದೆ. ಮೈ ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ, ಹೆಪ್ಪುಗಟ್ಟದಿದ್ದರೆ ಇನ್ನಷ್ಟು ಸೋರುತ್ತದೆ, ಸೋರಿದಷ್ಟೂ ಇನ್ನೂ ತಣ್ಣಗಾಗುತ್ತದೆ. ಅದಕ್ಕೇ ಹೊದಿಸುತ್ತೇವೆ.”

ಕ್ರೈಸ್ತ ಪ್ರೇಮಕಾದಂಬರಿಯಲ್ಲಿ ಸ್ಪರ್ಶ ಬಹಳ ದುಬಾರಿ. ಬಹುಪಾಲು ಕಥೆಗಳಲ್ಲಿ ಮುತ್ತಿಗಾಗಿ ಕೊನೆಯ ಅಧ್ಯಾಯಗಳವರೆಗೂ ಕಾಯಬೇಕು. ಹಾಗಿರುವಾಗ ನಾಡಿ ಹಿಡಿಯುವ ಬೆರಳು, ಹಣೆ ಮುಟ್ಟುವ ಅಂಗೈ, ಹೆಗಲವರೆಗೂ ಎಳೆದು ಅಂಚು ಸಿಕ್ಕಿಸುವ ಕಂಬಳಿ ಇವುಗಳಿಗೆಲ್ಲ ವೈದ್ಯಕೀಯದ ಪರವಾನಗಿ ಇದೆ. ಮೇಜರ್ ತನ್ನ ಕರ್ತವ್ಯವನ್ನಷ್ಟೇ ಮಾಡುತ್ತಿದ್ದಾಳೆ. ಅವಳ ಕೈ ಒಂದು ಕ್ಷಣ ಹೆಚ್ಚು ಹೊತ್ತು ನಿಂತಿತೋ ಇಲ್ಲವೋ ಎಂಬುದನ್ನು ಓದುಗರು ಗಮನಿಸುತ್ತಾರೆ, ಬರೆಯುವವರು ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಬಿಳಿ ಕೋಟಿನ ನಾಯಕ ನಾಯಕಿಯರು ಈ ಪ್ರಕಾರದಲ್ಲಿ ಇಷ್ಟು ಬಾಳಿಕೆ ಬಂದಿರುವುದಕ್ಕೆ ಇದೇ ಗುಟ್ಟು ಎಂದು ನನಗನ್ನಿಸುತ್ತದೆ.

ಮಧ್ಯಾಹ್ನ ಜಗಳವಾಯಿತು, ದೇವರ ವಿಷಯಕ್ಕೆ. ಹಸ್ತಪ್ರತಿಯಲ್ಲಿ ಕ್ಯಾಪ್ಟನ್ ಎರಡು ಪುಟ ಪ್ರಾರ್ಥಿಸುತ್ತಿದ್ದ. ಅದರ ನಂತರ ರಕ್ತ ನಿಲ್ಲುತ್ತಿತ್ತು. “ಪ್ರಾರ್ಥನೆಯಿಂದ ನಿಂತಿತೋ, ಪಟ್ಟಿಯಿಂದ ನಿಂತಿತೋ?” ಎಂದು ಕೇಳಿದರು. ಎರಡರಿಂದಲೂ ಎಂದೆ. ಅವರು ಒಪ್ಪಲಿಲ್ಲ. “ನಾನೂ ಪ್ರಾರ್ಥಿಸುವವಳೇ. ಆದರೆ ಕಡ್ಡಿ ತಿರುಗಿಸುವ ಕೆಲಸವನ್ನು ದೇವರಿಗೆ ಬಿಟ್ಟವಳಲ್ಲ. ನೋವಿನಲ್ಲಿರುವವರ ಬಾಯಲ್ಲಿ ನಾನು ಹೆಚ್ಚಾಗಿ ಕೇಳಿದ್ದು ಅಮ್ಮನ ಹೆಸರು.” ಮಂಡಿಯೂರಿ ಉದ್ದುದ್ದ ಮಾತನಾಡುವ ಗಾಯಾಳುವನ್ನು ತಾವು ಕಂಡೇ ಇಲ್ಲ ಎಂದರು.

ನಾನು ಸುಲಭಕ್ಕೆ ಬಿಡಲಿಲ್ಲ. ಈ ಪ್ರಕಾರದ ಓದುಗರಿಗೆ ಆ ಪ್ರಾರ್ಥನೆಯೇ ಕಥೆಯ ಜೀವ. ಅದನ್ನು ತೆಗೆದರೆ ಉಳಿಯುವುದು ಒಂದು ಪ್ರಥಮ ಚಿಕಿತ್ಸೆಯ ಪಾಠ. ಆದರೂ ಒಂದು ವಿಷಯದಲ್ಲಿ ಅವರ ಮಾತು ನನಗೆ ನಾಟಿತು. ವೈದ್ಯರ ಕೈ ಮಾಡಬೇಕಾದ್ದನ್ನು ಪವಾಡ ಮಾಡಿಬಿಟ್ಟರೆ ಮೇಜರ್ ಎಂಬ ಪಾತ್ರಕ್ಕೆ ಅಲ್ಲಿ ಕೆಲಸವೇ ಇಲ್ಲ, ಪವಾಡಕ್ಕೂ ಬೆಲೆಯಿಲ್ಲ. ಅಲ್ಲಿಯೇ ಕುಳಿತು ಆ ಎರಡು ಪುಟ ಹೊಡೆದುಹಾಕಿದೆ. ಕ್ಯಾಪ್ಟನ್‌ಗೆ ಬೈಬಲಿನ ಇಪ್ಪತ್ತಮೂರನೆಯ ಕೀರ್ತನೆಯ ಆರಂಭವನ್ನಷ್ಟೇ ಕೊಟ್ಟೆ. ‘ಯೆಹೋವನು ನನಗೆ ಕುರುಬನು’ ಎಂಬಲ್ಲಿಗೆ ಮೇಜರ್ ಕಡ್ಡಿಯನ್ನು ಇನ್ನೊಂದು ಸುತ್ತು ತಿರುಗಿಸುತ್ತಾಳೆ, ‘ಕೊರತೆಪಡೆನು’ ಎಂಬುದು ಹೊರಬರುವುದೇ ಇಲ್ಲ. ಬಾಲ್ಯದಲ್ಲಿ ಬಾಯಿಪಾಠ ಮಾಡಿದ್ದು ನಂಬಿಕೆ ಬಿಟ್ಟವನ ಬಾಯಿಂದಲೂ ಬರಬಹುದು. ಅವನು ಅಷ್ಟರಿಂದಲೇ ವಿಶ್ವಾಸಿಯಾದ ಎಂದು ನಾನು ಹೇಳಬೇಕಾಗಿಲ್ಲ. ಹುಡುಗಿಗಾಗಿ ಹುಟ್ಟಿದ ನಂಬಿಕೆಯನ್ನೂ ಗುಂಡಿನ ಭಯಕ್ಕೆ ಹುಟ್ಟಿದ ನಂಬಿಕೆಯನ್ನೂ ಓದುಗರು ಒಂದೇ ತಕ್ಕಡಿಯಲ್ಲಿ ತೂಗಿ ಬದಿಗಿಡುತ್ತಾರೆ.

ಆಮೇಲೆ ಅವರು ಕೇಳಿದ ಒಂದು ಪ್ರಶ್ನೆ ಕಾದಂಬರಿಯ ದಿಕ್ಕನ್ನೇ ತಿರುಗಿಸಿತು. “ಆ ದಿನ ನಿಮ್ಮ ಡೇರೆಗೆ ಬಂದ ಗಾಯಾಳು ಇವನೊಬ್ಬನೇನಾ?”

ಗುಂಡಿನ ಚಕಮಕಿಯಲ್ಲಿ ಒಬ್ಬನೇ ಗಾಯಗೊಳ್ಳುವುದು ಅಪರೂಪ. ಎದುರು ಪಡೆಯವನೊಬ್ಬನನ್ನೂ ಹೊತ್ತು ತಂದರು ಎಂದಿಟ್ಟುಕೊಳ್ಳಿ ಎಂದರು. ಹೊಟ್ಟೆಗೆ ಚೂರು ಹೊಕ್ಕಿದೆ, ಒಳಗೇ ರಕ್ತ ಸೋರುತ್ತಿದೆ. ಹೊಟ್ಟೆಗೆ ಪಟ್ಟಿ ಬಿಗಿಯಲು ಬರುವುದಿಲ್ಲ, ತೆರೆದೇ ನೋಡಬೇಕು. ಡೇರೆಯಲ್ಲಿರುವುದು ಒಂದೇ ಮೇಜು. 1949ರ ಜಿನೀವಾ ಒಪ್ಪಂದದ ಪ್ರಕಾರ ಯಾರಿಗೆ ಮೊದಲು ಚಿಕಿತ್ಸೆ ಎಂಬುದನ್ನು ವೈದ್ಯಕೀಯ ತುರ್ತು ಮಾತ್ರ ನಿರ್ಧರಿಸಬೇಕು. ಯಾವ ಪಡೆಯವನು, ಯಾವ ದರ್ಜೆಯವನು ಎಂಬುದು ಲೆಕ್ಕಕ್ಕಿಲ್ಲ. ಮೇಜರ್‌ಳ ಎಡತೋಳಿನಲ್ಲಿರುವ ರೆಡ್‌ಕ್ರಾಸ್ ಪಟ್ಟಿ ಅವಳಿಗೆ ರಕ್ಷಣೆ ಕೊಡುವುದು ಈ ಕಟ್ಟಳೆಯ ಜೊತೆಗೇ.

ನನಗೆ ಲೆಕ್ಕ ಹೊಳೆಯಲು ತುಸು ಹೊತ್ತು ಹಿಡಿಯಿತು. ಕ್ಯಾಪ್ಟನ್‌ನ ರಕ್ತ ಈಗ ನಿಂತಿದೆ. ಅವನಿಗೆ ಎರಡು ಗಂಟೆ ಸಮಯವಿದೆ. ಇನ್ನೊಬ್ಬನಿಗೆ ಇಲ್ಲ. ಮೇಜರ್ ಪಟ್ಟಿಯನ್ನು ಅಷ್ಟು ಸರಿಯಾಗಿ ಬಿಗಿದಿದ್ದರಿಂದಲೇ ಅವಳ ಪ್ರಿಯಕರನದು ಎರಡನೆಯ ಸರದಿ. ಅವನು ಕಂಬಳಿಯಡಿ ನಡುಗುತ್ತ, ತನ್ನ ಮೇಲೆ ಗುಂಡು ಹಾರಿಸಿದವನನ್ನು ಅವಳು ಉಳಿಸುವುದನ್ನು ನೋಡುತ್ತ ಮಲಗಬೇಕು. ಮೂರು ಕಟ್ಟಳೆಗಳೂ ಈ ಡೇರೆಯಲ್ಲಿ ಒಟ್ಟಿಗೆ ಬಂದು ಕೂತವು. ನಿಮ್ಮ ವೈರಿಗಳನ್ನು ಪ್ರೀತಿಸಿರಿ ಎಂಬ, ಯೇಸುವಿನ ಬೆಟ್ಟದ ಪ್ರಸಂಗದ ಮಾತನ್ನು ಪಾತ್ರಗಳ ಬಾಯಲ್ಲಿ ಹೇಳಿಸಬೇಕಾದ ಅಗತ್ಯವೂ ಉಳಿಯಲಿಲ್ಲ.

ಲೂಕನ ಸುವಾರ್ತೆ ನೆನಪಾಯಿತು. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಲ್ಲಿ ಲೂಕನನ್ನು ಪ್ರಿಯ ವೈದ್ಯ ಎಂದು ಕರೆದಿದೆ. ಯೇಸುವನ್ನು ಹಿಡಿಯಲು ಬಂದಾಗ ಮಹಾಯಾಜಕನ ಆಳಿನ ಕಿವಿ ಕತ್ತರಿಸಿಹೋದದ್ದನ್ನು ನಾಲ್ಕೂ ಸುವಾರ್ತೆಗಳು ಹೇಳುತ್ತವೆ. ಆ ಕಿವಿಯನ್ನು ಯೇಸು ಮುಟ್ಟಿ ವಾಸಿಮಾಡಿದ್ದನ್ನು ದಾಖಲಿಸಿರುವವನು ಲೂಕ ಒಬ್ಬನೇ. ಎದುರು ಪಡೆಯವನ ಗಾಯ ಮುಂದೇನಾಯಿತು ಎಂದು ವಿಚಾರಿಸುವುದು ವೈದ್ಯರ ಸ್ವಭಾವವಿರಬೇಕು. ಇದನ್ನು ಹೇಳಿದಾಗ ಅವರು ಆ ದಿನ ಮೊದಲ ಬಾರಿಗೆ ನಕ್ಕರು.

ಸಂಜೆಯವರೆಗೆ ಅಲ್ಲಿಯೇ ಕುಳಿತು ಡೇರೆಯ ದೃಶ್ಯವನ್ನು ಹೊಸದಾಗಿ ಬರೆದೆ. ಕ್ಯಾಪ್ಟನ್‌ನ ಶಸ್ತ್ರಚಿಕಿತ್ಸೆಯನ್ನು ಮೇಜರ್‌ಳ ಕೈಯಿಂದ ತಪ್ಪಿಸಿ ಅವಳ ಸಹೋದ್ಯೋಗಿಗೆ ವಹಿಸಿದೆ. ಇಲ್ಲದಿದ್ದರೆ ಮೂರನೆಯ ಕಟ್ಟಳೆ ಮುರಿಯುತ್ತದೆ, ಅವನು ಅವಳ ರೋಗಿಯಾಗಿಯೇ ಉಳಿದುಬಿಡುತ್ತಾನೆ. ಹಣೆಯ ಮೇಲೆ ಬರೆಯುವ ಹೊತ್ತಿನ ಗುರುತನ್ನು ಮಾತ್ರ ಅವಳ ಕೈಯಿಂದಲೇ ಬರೆಸಿದೆ. ವಾರವಾದರೂ ಅದು ಪೂರ್ತಿ ಅಳಿಸಿಲ್ಲ ಎಂದು ಕ್ಯಾಪ್ಟನ್ ಕನ್ನಡಿಯಲ್ಲಿ ನೋಡಿಕೊಳ್ಳುವುದನ್ನೂ ಸೇರಿಸಿದ್ದೆ. “ಆಸ್ಪತ್ರೆಯಲ್ಲಿ ಮುಖ ತೊಳೆಸುವುದಿಲ್ಲವೇ?” ಎಂದು ಕೇಳಿ ಅದನ್ನು ಹೊಡೆದುಹಾಕಿಸಿದರು. ಆ ಸಾಲಿನ ಬಗ್ಗೆ ನನಗೆ ಈಗಲೂ ಹೊಟ್ಟೆಯುರಿ ಇದೆ.

ಹೊರಡಲು ಚೀಲ ಕಟ್ಟುತ್ತಿದ್ದಾಗ ಬಾಗಿಲಿನವರೆಗೂ ಬಂದರು. “ಅವನು ಬದುಕಿದನೇ?”

“ಕ್ಯಾಪ್ಟನ್ ಸಾಯುವಂತಿಲ್ಲ, ಸುಖಾಂತದ ಒಪ್ಪಂದವಿದೆ.”

“ಅವನಲ್ಲ, ಇನ್ನೊಬ್ಬ.”

ಅವನ ಬಗ್ಗೆ ನಾನು ಏನನ್ನೂ ತೀರ್ಮಾನಿಸಿರಲಿಲ್ಲ. ಹೆಸರನ್ನೂ ಇಟ್ಟಿರಲಿಲ್ಲ. ಬದುಕಿದ ಎಂದೆ. ಹಾಗಾದರೆ ಅವನೀಗ ಯುದ್ಧಕೈದಿ, ಅವನಿಗೂ ಒಂದು ಹಾಸಿಗೆ ಬೇಕು, ಬಹುಶಃ ಅದು ನಿಮ್ಮ ಕ್ಯಾಪ್ಟನ್‌ನ ಪಕ್ಕದಲ್ಲೇ ಇರುತ್ತದೆ, ಇಬ್ಬರೂ ರಾತ್ರಿಯೆಲ್ಲ ಏನು ಮಾತನಾಡುತ್ತಾರೆ ಎಂದು ಯೋಚಿಸಿ ಎಂದು ಹೇಳಿ ಬಾಗಿಲು ಹಾಕಿಕೊಂಡರು. ಮರುದಿನ ಹೊಸ ಅಧ್ಯಾಯ ತೆರೆದೆ. ಮೇಜರ್ ಅದರಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ, ಮುತ್ತು ಇನ್ನೂ ಮೂವತ್ತು ಪುಟ ಮುಂದಕ್ಕೆ ಹೋಗಿದೆ.