ಮಗುವಿನ ಹೃದಯ ಶಸ್ತ್ರಚಿಕಿತ್ಸೆಗೆ ಕೊಪ್ಪಳದಿಂದ ಹೊರಡುವವರಿಗೆ

ಹಾಲು ಕುಡಿಯುವಾಗ ಮಗಳ ಹಣೆ ತುಂಬ ಬೆವರುತ್ತಿತ್ತು, ನಾಲ್ಕು ಗುಟುಕಿಗೇ ಏದುಸಿರು. ನಮ್ಮ ಬಿಸಿಲಿಗೆ ಬೆವರದ ಕೂಸು ಯಾವುದಿದೆ ಎಂದು ಹಿರಿಯರು ಸಮಾಧಾನ ಹೇಳುತ್ತಿದ್ದರು. ಅಂಗನವಾಡಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಬಂದಾಗ ಎದೆಬಡಿತದ ಜೊತೆ ಬೇರೊಂದು ಸದ್ದು ಕೇಳಿಸಿತು. ಎಕೋ ಪರೀಕ್ಷೆಯಲ್ಲಿ, ಅಂದರೆ ಹೃದಯದ ಸ್ಕ್ಯಾನಿಂಗ್‌ನಲ್ಲಿ, ಹೃದಯದಲ್ಲಿ ರಂಧ್ರ ಇರುವುದು ಖಚಿತವಾಯಿತು. ಬೆಂಗಳೂರಿಗೆ ಹೋಗಲೇಬೇಕಾಯಿತು.

ಹೊರಡುವ ಮೊದಲು ಪಡಿತರ ಚೀಟಿ ತೆಗೆದು ನೋಡಿ. ಮಗುವಿನ ಹೆಸರು ಸೇರಿದೆಯೇ? ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ನಮ್ಮ ಪಕ್ಕದ ಹಾಸಿಗೆಯ ಗಂಗಾವತಿ ಕಡೆಯ ತಂದೆ, ಮಗನ ಹೆಸರು ಚೀಟಿಯಲ್ಲಿ ಇಲ್ಲದ ಕಾರಣಕ್ಕೆ ಊರಿಗೂ ಆಸ್ಪತ್ರೆಗೂ ಅಲೆದು ಸೋತುಹೋಗಿದ್ದರು. ಜಿಲ್ಲಾಸ್ಪತ್ರೆಯ ಶಿಫಾರಸು ಪತ್ರ, ಎಕೋ ವರದಿ, ಆಧಾರ್, ಲಸಿಕೆ ಕಾರ್ಡ್ ಎಲ್ಲವೂ ಒಂದೇ ಚೀಲದಲ್ಲಿರಲಿ, ಎರಡೆರಡು ಪ್ರತಿ ಇರಲಿ.

ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಅನುಕೂಲ. ಹೃದಯ ಶಸ್ತ್ರಚಿಕಿತ್ಸೆಗೆ ಹೋಗುವ ರೋಗಿಗೂ ಜೊತೆಗಿರುವ ಒಬ್ಬರಿಗೂ ಸ್ಲೀಪರ್ ದರದಲ್ಲಿ ಶೇ. 75 ರಿಯಾಯಿತಿ ಇದೆ. ಅದಕ್ಕೆ ರೈಲ್ವೆಯ ನಮೂನೆಯಲ್ಲೇ ವೈದ್ಯರ ಪ್ರಮಾಣಪತ್ರ ಬೇಕು. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಗೆ ಹೋಗುವವರು ರೈಲು ನಿಲ್ದಾಣದ ಬಳಿಯೇ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಆಸ್ಪತ್ರೆಯ ಹೆಸರಿನ ನಿಲ್ದಾಣದಲ್ಲೇ ಇಳಿಯಬಹುದು. ಅಲ್ಲಿ ಚಿಕಿತ್ಸೆ ಪೂರ್ತಿ ಉಚಿತ. ಸರ್ಕಾರಿ ಹೃದ್ರೋಗ ಆಸ್ಪತ್ರೆಯಾದ ಜಯದೇವಕ್ಕೆ ಹೋಗುವವರಾದರೆ, ಅದು ಇರುವುದು ಬನ್ನೇರುಘಟ್ಟ ರಸ್ತೆಯಲ್ಲಿ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ನೆಗಡಿಯ ವಿಷಯದಲ್ಲಿ. ಕೆಮ್ಮು, ಜ್ವರ ಕಾಣಿಸಿದರೆ ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಗುತ್ತದೆ. ಶ್ವಾಸಕೋಶದಲ್ಲಿ ಸೋಂಕಿದ್ದರೆ ಅರಿವಳಿಕೆಯೂ ಅಪಾಯ, ಆಮೇಲಿನ ಚೇತರಿಕೆಯೂ ಕಷ್ಟ. ನಮಗೆ ದಿನಾಂಕ ಸಿಕ್ಕಾಗ ಗವಿಮಠದ ಜಾತ್ರೆ ಹತ್ತಿರವಿತ್ತು. ಮೊಮ್ಮಗಳಿಗೆ ತೇರು ತೋರಿಸಬೇಕೆಂದು ಅವ್ವನಿಗೆ ಬಹಳ ಆಸೆ. ಲಕ್ಷಾಂತರ ಜನ ಸೇರುವ ಜಾಗ, ಈ ವರ್ಷ ಬೇಡವೇ ಬೇಡ ಎಂದೆ. ಮನೆಗೆ ನೋಡಲು ಬರುವ ನೆಂಟರನ್ನೂ ತಡೆಯಿರಿ. ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಹುಳುಕು ಹಲ್ಲಿದ್ದರೆ ಮೊದಲೇ ತೋರಿಸಿಬಿಡಿ, ಅದರ ಸೋಂಕು ರಕ್ತದ ಮೂಲಕ ಹೃದಯಕ್ಕೆ ತಲುಪಬಲ್ಲದು.

ಇಬ್ಬರು ದೊಡ್ಡವರು ಹೋಗಿ. ತೀವ್ರ ನಿಗಾ ಘಟಕದ ಹೊರಗೆ ಒಬ್ಬರು ಕೂತಿರುವಾಗ ಔಷಧಿ, ರಕ್ತ, ಸಹಿ ಎಂದು ಓಡಾಡಲು ಇನ್ನೊಬ್ಬರು ಬೇಕು. ರಕ್ತ ಕೊಡುವವರನ್ನೂ ಮೊದಲೇ ಮಾತಾಡಿಟ್ಟುಕೊಳ್ಳಿ. ಬಿಡುಗಡೆಯಾದ ತಕ್ಷಣ ಊರಿನ ರೈಲು ಹತ್ತಬೇಡಿ. ಮೊದಲ ಮರುತಪಾಸಣೆ ಮುಗಿಯುವವರೆಗೆ ಆಸ್ಪತ್ರೆಯ ಹತ್ತಿರವೇ ಕೋಣೆ ಮಾಡಿಕೊಳ್ಳಿ.

ಕೊಯ್ದ ಎದೆಮೂಳೆ ಕೂಡಲು ಆರರಿಂದ ಎಂಟು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಕಂಕುಳಿಗೆ ಕೈ ಹಾಕಿ ಎತ್ತಬಾರದು. ಒಂದು ಕೈ ಕತ್ತು-ಬೆನ್ನಿನ ಕೆಳಗೆ, ಇನ್ನೊಂದು ಕೈ ತೊಡೆಯ ಕೆಳಗೆ ಕೊಟ್ಟು ಎತ್ತಬೇಕು. ನಿಲ್ದಾಣಕ್ಕೆ ಬರುವ ಅಜ್ಜ, ಸೋದರಮಾವಂದಿರಿಗೆ ಇದನ್ನು ಹಿಂದಿನ ದಿನವೇ ಫೋನಿನಲ್ಲಿ ಹೇಳಿಬಿಡಿ.